ಮಸುಕಾದ ಹಿನ್ನೆಲೆಯಲ್ಲಿ ನಮ್ಮ ಬೀದಿ ಇತ್ತು

ಎರಡು ವರ್ಷದ ಹಿಂದೆ, ಚಳಿ ಇಳಿಯುತ್ತಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಬೀದಿಯ ಮರಗಳ ಮೇಲೆ ಬಣ್ಣದಲ್ಲಿ ನಂಬರ್ ಬರೆದಿತ್ತು. 1ರಿಂದ 62ರ ತನಕ. ಹೆಚ್ಚಿನವು ಹೊಂಗೆ, ನಾಲ್ಕೈದು ಮಳೆಮರ, ತಿರುವಿನಲ್ಲಿ ಒಂದು ಹಳೆಯ ಅತ್ತಿ. ರಸ್ತೆ ಅಗಲ ಮಾಡಲು ಇವನ್ನು ಕಡಿಯಬೇಕಾಗಿದೆ, ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು ಎಂದು ಪ್ರಕಟಣೆ ಬಂತು. ಜೊತೆಗಿದ್ದ ಪಟ್ಟಿಯಲ್ಲಿ ಅರ್ಧಕ್ಕೂ ಹೆಚ್ಚು ಮರಗಳ ಮುಂದೆ ‘ಒಣಗಿದೆ’ ಅಥವಾ ‘ಅಪಾಯಕಾರಿ’ ಎಂದು ಬರೆದಿತ್ತು. ಹೊಂಗೆ ಚಳಿಗಾಲದ ಕೊನೆಗೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರುವ ಮರ. ಬೋಳಾಗಿದ್ದ ದಿನ ಬಂದು ನೋಡಿದವರ ಕಣ್ಣಿಗೆ ಅದು ಒಣಮರದಂತೆ ಕಂಡಿರಬೇಕು, ಅಥವಾ ಹಾಗೆ ಕಂಡರೆ ಅನುಕೂಲ ಎನ್ನಿಸಿರಬೇಕು.

ಅದೇ ಸಂಜೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ಬಂದು ನಿಂತರು. “ನೋಡಪ್ಪಾ, ನಾಳೆ ನಾಡಿದ್ದರಲ್ಲಿ ಆಕ್ಷೇಪಣೆ ಕೊಡಬೇಕು. ಮರ ಹಸಿರಾಗಿತ್ತು, ಹೂ ಬಿಟ್ಟಿತ್ತು ಅಂತ ತೋರಿಸೋಕೆ ಫೋಟೋ ಬೇಕು. ನೀನು ದಿನಾ ಕ್ಯಾಮೆರಾ ಹಿಡ್ಕೊಂಡು ಆ ಮರಗಳ ಬುಡದಲ್ಲೇ ಇರ್ತಿದ್ದೆಯಲ್ಲ, ಒಂದು ಹತ್ತು ಫೋಟೋ ತೆಗೆದು ಕೊಡು” ಅಂದರು. “ಹತ್ತು ಯಾಕೆ ಮೇಷ್ಟ್ರೇ, ನೂರು ಕೊಡ್ತೀನಿ” ಅಂದೆ. ಆ ಮಾತು ಹೇಳುವಾಗ ನನಗಿದ್ದ ಜಂಬ ಈಗಲೂ ನೆನಪಿದೆ.

ರಾತ್ರಿ ಹಾರ್ಡ್ ಡಿಸ್ಕ್ ತೆರೆದು ಕೂತೆ. ಎಂಟು ವರ್ಷದ ಹವ್ಯಾಸ, 38 ಸಾವಿರಕ್ಕೂ ಹೆಚ್ಚು ಫೋಟೋ. ಹೊಂಗೆಯ ಚಿಗುರಿನ ಮೇಲೆ ಮೊಟ್ಟೆ ಇಡುತ್ತಿರುವ ಚಿಟ್ಟೆ ಇತ್ತು. ಹೊಂಗೆ ಹೂವಿನೊಳಗೆ ತಲೆ ತೂರಿಸಿದ ಜೇನು ಇತ್ತು. ಮಳೆಮರದ ತೊಗಟೆಗೆ ಅಂಟಿಕೊಂಡ, ತೊಗಟೆಯದೇ ಬಣ್ಣದ ಜೇಡ ಇತ್ತು. ಅತ್ತಿಹಣ್ಣಿನ ಮೇಲೆ ಸಾಲಾಗಿ ನಡೆಯುವ ಇರುವೆ ಇತ್ತು. ಮರ ಇರಲಿಲ್ಲ. ಬೀದಿ ಇರಲಿಲ್ಲ. ಪ್ರತಿ ಚಿತ್ರದಲ್ಲೂ ಹುಳದ ಹಿಂದೆ ನುಣುಪಾದ ಹಸಿರು ಹಬೆ, ಇಲ್ಲವೇ ಕಪ್ಪು. ಆ ಹಬೆಯನ್ನು ಅಷ್ಟು ನುಣುಪಾಗಿ ತರುವುದಕ್ಕೆ ನಾನು ವರ್ಷಗಟ್ಟಲೆ ಕಲಿತಿದ್ದೆ, ದುಬಾರಿ ಲೆನ್ಸ್ ಕೊಂಡಿದ್ದೆ. ಮೇಷ್ಟ್ರು ಕೇಳಿದ ಮರಗಳೆಲ್ಲ ಆ ಹಬೆಯೊಳಗೇ ಇದ್ದವು.

ಹವ್ಯಾಸಿ ಛಾಯಾಗ್ರಹಣದ ಬಗ್ಗೆ ನನಗಿರುವ ತಕರಾರು ಆ ರಾತ್ರಿ ಶುರುವಾಯಿತು. ನಮ್ಮಲ್ಲಿ ಈಗ ಈ ಹವ್ಯಾಸ ಸಾಗುತ್ತಿರುವ ರೀತಿ ನೋಡುವುದನ್ನು ಕಲಿಸುತ್ತಿಲ್ಲ, ನೋಡದೆ ಇರುವುದನ್ನು ಕಲಿಸುತ್ತಿದೆ. ‘ಪ್ರಕೃತಿ ಪ್ರೇಮ’ ಎಂಬ ಹೆಸರಿನಲ್ಲಿ ಬೇಟೆಯ ಅಭ್ಯಾಸಗಳನ್ನು ಮತ್ತೆ ಹಚ್ಚಿಕೊಡುತ್ತಿದೆ. ನಾವು ಬದುಕುವ ಜಾಗವನ್ನು ಚಿತ್ರಕ್ಕೆ ಯೋಗ್ಯವಲ್ಲದ ಸರಕು ಎಂದು ತಳ್ಳಿಹಾಕುತ್ತಿದೆ. ಹೊರಗೆ ನಿಂತು ಬೆರಳು ತೋರಿಸುವವನ ಮಾತಲ್ಲ ಇದು. ಈ ಮೂರನ್ನೂ ನಾನು ಮಾಡಿದ್ದೇನೆ, ಒಂದೆರಡಕ್ಕೆ ಬಹುಮಾನವನ್ನೂ ಪಡೆದಿದ್ದೇನೆ.

ಮೊದಲು ನ್ಯಾಯವಾಗಿ ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಮ್ಯಾಕ್ರೋ ಲೆನ್ಸಿನಲ್ಲಿ ಮೊದಲ ಸಲ ಒಂದು ಹುಳದ ಕಣ್ಣನ್ನು ಕಂಡವರು ಆ ಗಳಿಗೆಯನ್ನು ಮರೆಯುವುದಿಲ್ಲ. ನಾನು ಕಂಡದ್ದು ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಮ್ಯಾಂಟಿಸ್ ಅನ್ನು. ಅದರ ಹಸಿರು ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ನೀವು ಎಡಕ್ಕೆ ಸರಿದರೆ ಚುಕ್ಕೆಯೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಅದು ಪಾಪೆಯಲ್ಲ. ಸಾವಿರಾರು ಪುಟ್ಟ ಕಣ್ಣುಗಳಲ್ಲಿ ನಮ್ಮತ್ತ ನೇರ ಮುಖಮಾಡಿದವು ಬೆಳಕನ್ನು ಹಿಂದಿರುಗಿಸದೆ ನುಂಗುವುದರಿಂದ ನಮಗೆ ಕಪ್ಪಾಗಿ ಕಾಣುತ್ತವೆ, ಅಷ್ಟೆ. ಆದರೆ ಕಾರಣ ಗೊತ್ತಾದ ಮೇಲೂ ‘ಇದು ನನ್ನನ್ನೇ ನೋಡುತ್ತಿದೆ’ ಎಂಬ ಭಾವ ಹೋಗುವುದಿಲ್ಲ. ಅಂಥ ಗಳಿಗೆಗಾಗಿ ಯಾರಾದರೂ ಸಂಬಳದ ಅರ್ಧವನ್ನು ಲೆನ್ಸಿಗೆ ಸುರಿದರೆ ನನಗೆ ಅರ್ಥವಾಗುತ್ತದೆ.

ತೊಂದರೆ ಇರುವುದು ಆಮೇಲೆ ನಾವು ಆ ತಂತ್ರಕ್ಕೆ ತಲೆಬಾಗುವ ರೀತಿಯಲ್ಲಿ. ಹುಳ ಎಷ್ಟು ದೊಡ್ಡದಿದೆಯೋ ಸೆನ್ಸರಿನ ಮೇಲೂ ಅಷ್ಟೇ ದೊಡ್ಡದಾಗಿ ಮೂಡಿಸುವ ಅಳತೆಯಲ್ಲಿ, ಅಂದರೆ ಒಂದಕ್ಕೊಂದರ ಅನುಪಾತದಲ್ಲಿ, ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ಕಣ್ಣಿಗೆ ಫೋಕಸ್ ಆದರೆ ರೆಕ್ಕೆಗೆ ಆಗುವುದಿಲ್ಲ. ಫ್ಲ್ಯಾಶ್ ಹಾಕಿದರೆ ಅದರ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ನಾಲ್ಕು ಇಂಚು ದೂರದ ಹುಳ ಬೆಳಗುತ್ತದೆ, ನಾಲ್ಕು ಅಡಿ ಹಿಂದಿರುವ ಗಿಡ ಕಪ್ಪಾಗುತ್ತದೆ. ಮಟಮಟ ಮಧ್ಯಾಹ್ನ ತೆಗೆದ ಫೋಟೋದಲ್ಲೂ ನಡುರಾತ್ರಿ. ಇದು ಬೆಳಕಿನ ನಿಯಮ, ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಈ ಮಿತಿಯನ್ನೇ ಸೌಂದರ್ಯಶಾಸ್ತ್ರ ಮಾಡಿಕೊಂಡ ನಮ್ಮ ಮೇಲೆ. ‘ಬ್ಯಾಕ್‌ಗ್ರೌಂಡ್ ಕ್ಲೀನ್ ಆಗಿದೆ’ ಎನ್ನುವುದು ನಮ್ಮ ಕ್ಲಬ್ಬುಗಳಲ್ಲಿ ಅತಿ ದೊಡ್ಡ ಹೊಗಳಿಕೆ. ‘ಡಿಸ್ಟ್ರ್ಯಾಕ್ಷನ್ ಇದೆ’ ಎನ್ನುವುದು ತೆಗಳಿಕೆ. ಒಮ್ಮೆ ನನ್ನ ಏರೋಪ್ಲೇನ್ ಚಿಟ್ಟೆಯ ಚಿತ್ರದಲ್ಲಿ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಬಿಂದಿಗೆಯ ಬಣ್ಣ ಕಂಡಿತೆಂದು ಅಂಕ ಕಳೆದರು. ಆ ಚಿಟ್ಟೆ ಕೂತಿದ್ದೇ ಬೋರ್‌ವೆಲ್ಲಿನ ಹತ್ತಿರದ ಕೊಚ್ಚೆಯಲ್ಲಿ. ಬಿಂದಿಗೆ ಇಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಚಿಟ್ಟೆಯೂ ಇಲ್ಲ. ಆದರೆ ಬಹುಮಾನ ಬರಬೇಕಾದರೆ ಚಿಟ್ಟೆ ಶೂನ್ಯದಲ್ಲಿ ಹುಟ್ಟಿರಬೇಕು.

ಈಗ ನಮ್ಮ ಭಾಷೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಭಾನುವಾರ ಬೆಳಿಗ್ಗೆ ಸುತ್ತಿ ಬಂದವರನ್ನು ನಾವು ಕೇಳುವುದು ಏನನ್ನು? “ಏನಾದ್ರೂ ಸಿಕ್ತಾ?” ಸಿಕ್ಕರೆ “ಚೆನ್ನಾಗಿ ಹೊಡೆದೆ ಗುರೂ” ಎನ್ನುತ್ತೇವೆ. ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದ ಅಜ್ಜಂದಿರೂ ಇದನ್ನೇ ಕೇಳುತ್ತಿದ್ದರು, ಇದನ್ನೇ ಹೇಳುತ್ತಿದ್ದರು. ಪದ ಹಳೆಯದಾದರೇನು, ಕೆಲಸ ಬೇರೆ ಎನ್ನಬಹುದು. ಕೆಲಸವೂ ಅಷ್ಟೇನೂ ಬೇರೆಯಲ್ಲ.

ಮಳೆಗಾಲದ ಒಂದು ರಾತ್ರಿ ಆಗುಂಬೆ ಕಡೆಯ ಒಂದು ಶಿಬಿರದಲ್ಲಿ ನಾನಿದ್ದೆ. ಹದಿನಾಲ್ಕು ಜನ, ಹದಿನಾಲ್ಕು ಟಾರ್ಚು. ಕೆಳಗಿನ ರೆಂಬೆಯೊಂದರಲ್ಲಿ ಮಲಬಾರ್ ಗುಳಿಮಂಡಲ ಸುರುಳಿ ಸುತ್ತಿ ಕೂತಿತ್ತು. ಈ ಹಾವು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಜಾತಿಯದಲ್ಲ. ಕಪ್ಪೆ, ಹಲ್ಲಿ ತಾನಾಗಿ ಹತ್ತಿರ ಬರಲಿ ಎಂದು ಒಂದೇ ಜಾಗದಲ್ಲಿ ದಿನಗಟ್ಟಲೆ ಕಾಯುತ್ತದೆ. ಹಾಗಾಗಿ ಅದಕ್ಕೆ ಆ ರೆಂಬೆ ಎಂದರೆ ಅಡುಗೆಮನೆ. ಹದಿನಾಲ್ಕು ಜನಕ್ಕೆ ಜಾಗ ಸಾಲಲಿಲ್ಲ. ಒಬ್ಬರು ಕೋಲಿನಿಂದ ಅದನ್ನು ಎತ್ತಿ, ಪಾಚಿ ಹಿಡಿದ ಒಂದು ಚೆಂದದ ಕೊಂಬೆಯ ಮೇಲೆ ಇಟ್ಟರು. ತಲೆ ಆ ಕಡೆ ತಿರುಗಿದಾಗಲೆಲ್ಲ ಕೋಲಿನಿಂದ ಈ ಕಡೆ ತಿರುಗಿಸಿದರು. ಮುಕ್ಕಾಲು ಗಂಟೆ ಫ್ಲ್ಯಾಶ್ ಸಿಡಿಯಿತು. ಮರುದಿನ ನಮ್ಮಲ್ಲಿ ಹಲವರು ‘ಕಾಡಿನ ರತ್ನ’ ಎಂಬರ್ಥದ ಶೀರ್ಷಿಕೆ ಕೊಟ್ಟು ಆ ಚಿತ್ರ ಹಂಚಿಕೊಂಡರು. ನಾನೂ ಹಂಚಿಕೊಂಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟ ಅರ್ಥವನ್ನು ಒಮ್ಮೆ ಓದಬೇಕು. ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಅದರೊಳಗೆ ಬರುತ್ತದೆ. ಕಾನೂನಿಗೆ ಅರ್ಥವಾದದ್ದು ಪ್ರಕೃತಿ ಪ್ರೇಮಿಗಳಾದ ನಮಗೆ ಅರ್ಥವಾಗಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಮೇಲೆ ಹೇಳಿದ ಮ್ಯಾಂಟಿಸ್ ಅನ್ನು ಕಂಡು ಬೆರಗಾದ ಒಂದು ವರ್ಷದೊಳಗೆ ಅದೇ ಜಾತಿಯ ಇನ್ನೊಂದನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟೆ. ಚಳಿಗೆ ಹುಳ ಜಡವಾಗುತ್ತದೆ, ಅಲುಗದೆ ಕೂರುತ್ತದೆ, ಒಂದರ ಮೇಲೊಂದು ಮೂವತ್ತು ನಲವತ್ತು ಫೋಟೋ ತೆಗೆದು ಜೋಡಿಸಿದರೆ ಮೂತಿಯಿಂದ ಬಾಲದ ತನಕ ಎಲ್ಲವೂ ಸ್ಪಷ್ಟ ಎಂದು ಒಬ್ಬರು ಹೇಳಿಕೊಟ್ಟಿದ್ದರು. ಗ್ಲಿಸರಿನ್ ಬೆರೆಸಿದ ನೀರನ್ನು ಸ್ಪ್ರೇ ಮಾಡಿ ಇಬ್ಬನಿಯನ್ನೂ ನಾನೇ ತಯಾರಿಸಿದೆ; ಬರೀ ನೀರಾದರೆ ಬೇಗ ಆರಿಹೋಗುತ್ತದೆ. ಚಿತ್ರ ಅದ್ಭುತವಾಗಿ ಬಂತು. ಮ್ಯಾಂಟಿಸ್ ಮತ್ತೆ ಏಳಲಿಲ್ಲ. ಡಬ್ಬಿಯನ್ನು ಎಷ್ಟು ಹೊತ್ತು ಇಟ್ಟಿದ್ದೆ ಎಂಬ ಲೆಕ್ಕ ತಪ್ಪಿತ್ತು. ಒಂದು ಕ್ಲಬ್ಬಿನ ಸ್ಪರ್ಧೆಯಲ್ಲಿ ಆ ಚಿತ್ರಕ್ಕೆ ‘ಮುಂಜಾವಿನ ಪ್ರಾರ್ಥನೆ’ ಎಂಬ ಹೆಸರಿನಲ್ಲಿ ಮೊದಲ ಬಹುಮಾನ ಬಂತು. ತೀರ್ಪುಗಾರರು ಹಿನ್ನೆಲೆಯನ್ನು ವಿಶೇಷವಾಗಿ ಮೆಚ್ಚಿದರು. ಹಿನ್ನೆಲೆಯಲ್ಲಿದ್ದದ್ದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲಿಸಿದ್ದ ಹಸಿರು ರಟ್ಟು.

ಇದು ನಮ್ಮಂಥ ಚಿಲ್ಲರೆ ಜನರ ಮಾತ್ರ ಚಾಳಿಯಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯ 2009ರ ಅಗ್ರ ಬಹುಮಾನ ಗೇಟು ಹಾರುವ ತೋಳವೊಂದರ ಚಿತ್ರಕ್ಕೆ ಹೋಯಿತು. ಅದು ಕಾಡಿನ ತೋಳವಲ್ಲ, ಬಹುಶಃ ಪಳಗಿಸಿದ ತೋಳ ಎಂಬ ತೀರ್ಮಾನಕ್ಕೆ ಬಂದ ತೀರ್ಪುಗಾರರು 2010ರಲ್ಲಿ ಬಹುಮಾನ ಹಿಂಪಡೆದರು. 2017ರ ಸ್ಪರ್ಧೆಯಲ್ಲಿ ಗೆದ್ದಿದ್ದ ಇರುವೆಭಕ್ಷಕದ ಚಿತ್ರವೊಂದನ್ನು 2018ರಲ್ಲಿ ಅನರ್ಹಗೊಳಿಸಿದರು. ಚಿತ್ರದಲ್ಲಿರುವುದು ಒಳಗೆ ಹುಲ್ಲು ತುಂಬಿ ನಿಲ್ಲಿಸುವಂಥ ಸತ್ತ ಪ್ರಾಣಿ ಎಂದು ತಜ್ಞರು ಕಂಡುಕೊಂಡಿದ್ದರು. ಚಿತ್ರ ತೆಗೆದ ಇಬ್ಬರೂ ಆರೋಪ ಒಪ್ಪಲಿಲ್ಲ. ಅವರ ಕಥೆ ಏನೇ ಇರಲಿ, ಜಗತ್ತಿನ ನುರಿತ ತೀರ್ಪುಗಾರರೂ ಮೊದಲು ನೋಡಿದಾಗ ಮೆಚ್ಚಿದ್ದರು ಎಂಬುದು ಮುಖ್ಯ. ಪ್ರಾಣಿಯನ್ನು ಅದರ ಜಾಗದಿಂದ ಬಿಡಿಸಿ ನೋಡುವ ಅಭ್ಯಾಸವಾದ ಕಣ್ಣಿಗೆ ಜೀವ ಇರುವುದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಕಾಣದೆ ಹೋಗುತ್ತದೆ.

ಈ ಕಣ್ಣು ಹುಳಕ್ಕೆ ನಿಲ್ಲುವುದಿಲ್ಲ. ಜಾತ್ರೆಗೆ ಹೋಗುತ್ತದೆ, ಕಂಬಳಕ್ಕೆ ಹೋಗುತ್ತದೆ, ಕೆರೆಯಲ್ಲಿ ಬಲೆ ಬೀಸುವವರ ಹತ್ತಿರ ಹೋಗುತ್ತದೆ. ಸುಕ್ಕುಗಟ್ಟಿದ ಮುಖದ ಅಜ್ಜಿ ಕಂಡರೆ ಹತ್ತು ಲೆನ್ಸು ಅತ್ತ ತಿರುಗುತ್ತವೆ. ಅವರ ಹೆಸರೇನು, ಯಾವ ಊರು, ಆ ಬುಟ್ಟಿಯಲ್ಲಿ ಏನು ಮಾರುತ್ತಿದ್ದರು, ಫೋಟೋ ತೆಗೆಯಬಹುದಾ ಅಂತ ಕೇಳಿದೆವಾ? ಹಿನ್ನೆಲೆ ಇಲ್ಲಿಯೂ ಮಸುಕು. ಸುಕ್ಕು ಮಾತ್ರ ಸ್ಪಷ್ಟ. ಮ್ಯಾಂಟಿಸ್‌ಗೆ ಮಾಡಿದ್ದನ್ನೇ ನಾವು ಅಜ್ಜಿಗೂ ಮಾಡುತ್ತಿದ್ದೇವೆ. ಫ್ರಿಜ್ ಒಂದು ಇಲ್ಲ, ಅಷ್ಟೆ.

“ಅಯ್ಯೋ, ಇದು ಹವ್ಯಾಸ ಕಣ್ರೀ, ವಾರವೆಲ್ಲ ದುಡಿದು ಭಾನುವಾರ ಒಂದಿಷ್ಟು ಸಂತೋಷ ಪಡ್ತೀವಿ, ಅದಕ್ಕೂ ನಿಮ್ಮ ಪ್ರವಚನವಾ?” ಎಂದು ಗೆಳೆಯರು ಕೇಳುತ್ತಾರೆ. ಸಂತೋಷದ ಮೇಲೆ ನನಗೆ ಆಕ್ಷೇಪವಿಲ್ಲ. ಅಮೆಚೂರ್ ಎಂಬ ಪದದ ಬೇರು ಪ್ರೀತಿಸುವವನು ಎಂಬರ್ಥದ ಲ್ಯಾಟಿನ್ ಪದದಲ್ಲಿದೆ. ಹವ್ಯಾಸಿಗೆ ಗಿರಾಕಿ ಇಲ್ಲ, ಸಂಪಾದಕ ಇಲ್ಲ, ಗಡುವು ಇಲ್ಲ. ಒಂದೇ ಮರವನ್ನು ಇಡೀ ವರ್ಷ ನೋಡಿದರೂ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಇಂಥ ಸ್ವಾತಂತ್ರ್ಯ ವೃತ್ತಿಯವರಿಗೆ ಕನಸಿನಲ್ಲೂ ಸಿಗದು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಾವು ಮಾಡುತ್ತಿರುವುದೇನು? ಎಲ್ಲರೂ ತೆಗೆದ ಅದೇ ಮಿಂಚುಳ್ಳಿಯನ್ನು, ಅದೇ ಕೊಂಬೆಯ ಮೇಲೆ, ಅದೇ ಲೆನ್ಸಿನಿಂದ ತೆಗೆಯಲು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೂರು ಕಿಲೋಮೀಟರ್ ಹೋಗುತ್ತಿದ್ದೇವೆ. ಇದು ಸಂತೋಷ ಎನ್ನುವುದಾದರೆ ಸರಿ. ನನಗಂತೂ ಇದು ಇನ್ನೊಂದು ನೌಕರಿಯ ಹಾಗೆ ಕಾಣುತ್ತದೆ, ಸಂಬಳವಿಲ್ಲದ್ದು.

ಛಾಯಾಗ್ರಹಣ ಶುರುವಾದದ್ದು ಹೀಗಲ್ಲ. ಉಳಿದುಬಂದಿರುವ ಜಗತ್ತಿನ ಅತಿ ಹಳೆಯ ಕ್ಯಾಮೆರಾ ಚಿತ್ರ ಫ್ರಾನ್ಸಿನ ನಿಯೆಪ್ಸ್ 1826–27ರ ಸುಮಾರಿಗೆ ತೆಗೆದದ್ದು. ಅದು ಅವನ ಮನೆಯ ಮೇಲಿನ ಕಿಟಕಿಯಿಂದ ಕಾಣುವ ನೋಟ: ಅಕ್ಕಪಕ್ಕದ ಮಾಡುಗಳು, ಒಂದು ಮರದ ಆಕಾರ, ಅಂಗಳ. ಡಾಂಬರಿನಂಥ ವಸ್ತು ಬಳಿದ ಲೋಹದ ತಗಡಿನ ಮೇಲೆ ಅದು ಮೂಡಲು ಎಷ್ಟೋ ಗಂಟೆ ಬೇಕಾಯಿತು. ಇಂಗ್ಲೆಂಡಿನ ಟಾಲ್ಬಟ್ 1835ರಲ್ಲಿ ತೆಗೆದ, ಈಗ ಉಳಿದಿರುವ ಅತಿ ಹಳೆಯ ನೆಗೆಟಿವ್ ಅಂಚೆಚೀಟಿಯಷ್ಟು ದೊಡ್ಡದು. ಅದರಲ್ಲಿರುವುದೂ ಅವನದೇ ಮನೆಯ ಕಿಟಕಿ. ಬೆಳಕಿನಿಂದ ಚಿತ್ರ ಬರೆಯುವ ಹೊಸ ಮಾಂತ್ರಿಕ ವಿದ್ಯೆ ಕೈಗೆ ಬಂದಾಗ ಇಬ್ಬರೂ ದೂರದ ಬೆಟ್ಟಕ್ಕೆ ಓಡಲಿಲ್ಲ. ದಿನವೂ ಕಾಣುತ್ತಿದ್ದುದರ ಕಡೆಗೇ ತಿರುಗಿದರು.

“ಅದು ಕಿಟಕಿ, ನಮ್ಮದು ಕ್ಲೋಸ್ ಅಪ್” ಎನ್ನುವವರಿಗೆ ಬೆಂಟ್ಲಿಯ ಕಥೆ ಹೇಳುತ್ತೇನೆ. ವಿಲ್ಸನ್ ಬೆಂಟ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯ ರೈತ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರ ಜನವರಿಯಲ್ಲಿ ಮೊದಲ ಸಲ ಒಂದು ಹಿಮದ ಹರಳಿನ ಚಿತ್ರ ತೆಗೆದ. 1931ರಲ್ಲಿ ಸಾಯುವತನಕ 5000ಕ್ಕೂ ಹೆಚ್ಚು ಹರಳುಗಳನ್ನು ಹೀಗೆ ಹಿಡಿದ. ಇದೆಲ್ಲ ನಡೆದದ್ದು ಅವನದೇ ಹೊಲಮನೆಯಲ್ಲಿ, ಬೆಂಕಿಯಿಲ್ಲದ ತಣ್ಣನೆ ಕೊಠಡಿಯಲ್ಲಿ. ಅವನೂ ಹಿನ್ನೆಲೆಯನ್ನು ಬಿಡಲಿಲ್ಲ. ನೆಗೆಟಿವ್‌ನಲ್ಲಿ ಹರಳಿನ ಸುತ್ತ ಕೆರೆದು ತೆಗೆದು ಕಪ್ಪು ಬರುವಂತೆ ಮಾಡುತ್ತಿದ್ದ. ಆದರೆ ಅದರ ಜೊತೆಗೆ ಹವೆಯ ವಿವರಗಳನ್ನು ವರ್ಷಗಟ್ಟಲೆ ಬರೆದಿಟ್ಟ. ಹರಳು ಬಿದ್ದ ದಿನ ಮತ್ತು ಜಾಗ ಅವನಿಗೆ ಹರಳಿನಷ್ಟೇ ಮುಖ್ಯವಾಗಿದ್ದವು. ಹತ್ತಿರದಿಂದ ನೋಡುವುದಕ್ಕೂ ಒಂದೇ ಕಡೆ ಇದ್ದು ನೋಡುವುದಕ್ಕೂ ಜಗಳವಿಲ್ಲ. ಜಗಳ ತಂದಿಟ್ಟವರು ನಾವು.

ಕನ್ನಡದವರಿಗೆ ಇದನ್ನು ಹೊರಗಿನ ಉದಾಹರಣೆ ಕೊಟ್ಟು ಹೇಳಬೇಕಾಗಿಯೂ ಇಲ್ಲ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ನೆಲೆಸಿ, ಅಲ್ಲಿನ ತೋಟ, ಹಳ್ಳ, ಕಾಡುಗಳ ಹಕ್ಕಿಗಳನ್ನೇ ಕ್ಯಾಮೆರಾದಲ್ಲೂ ಬರಹದಲ್ಲೂ ಹಿಡಿದರು. ಅವರ ಹಕ್ಕಿಗಳಿಗೆ ವಿಳಾಸವಿದೆ. ಕೃಪಾಕರ–ಸೇನಾನಿ ಸೀಳುನಾಯಿಗಳ ಹಿಂದೆ ಒಂದೇ ಕಾಡಿನಲ್ಲಿ ವರ್ಷಗಳನ್ನೇ ಕಳೆದರು. ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದು ಹೆಸರಾದ ಪ್ರಶಸ್ತಿ ಬಂದದ್ದು ಆ ವರ್ಷಗಳ ಫಲ. ನಾವು ಇವರ ಹೆಸರು ಹೇಳಿ ಕ್ಯಾಮೆರಾ ಕೊಳ್ಳುತ್ತೇವೆ. ಅವರು ಖರ್ಚು ಮಾಡಿದ್ದು ಸಮಯವನ್ನು ಎಂಬುದನ್ನು ಮಾತ್ರ ಮರೆಯುತ್ತೇವೆ.

ಇನ್ನೊಂದು ವಾದವಿದೆ, ಅದು ಗಟ್ಟಿಯಾದದ್ದು. ಮ್ಯಾಕ್ರೋ ಚಿತ್ರಗಳಿಂದಾಗಿ ಜನ ಜೇಡ, ಇರುವೆ, ಕಪ್ಪೆಗಳನ್ನು ಅಸಹ್ಯಪಡದೆ ನೋಡಲು ಕಲಿತಿದ್ದಾರೆ. ಹವ್ಯಾಸಿಗಳ ಫೋಟೋಗಳಿಂದ ವಿಜ್ಞಾನಕ್ಕೂ ಲಾಭವಾಗಿದೆ. ನಿಜ. ಆದರೆ ಆ ಲಾಭ ಯಾವ ಫೋಟೋದಿಂದ ಆಗುತ್ತದೆ ಎಂದು ನೋಡಿ. ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಒಂದು ಹುಳದ ಚಿತ್ರ ಹಾಕಿದರೆ ಅದು ಮೊದಲು ಕೇಳುವುದು ಎಲ್ಲಿ, ಯಾವಾಗ ಎಂದು. ಅವೆರಡು ಇಲ್ಲದಿದ್ದರೆ ಎಷ್ಟೇ ಚೆಂದದ ಚಿತ್ರವೂ ದಾಖಲೆಯಾಗಿ ನಿಲ್ಲುವುದಿಲ್ಲ. ನಮ್ಮ ದೇಶದಲ್ಲೇ ನಡೆಯುವ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲೆಯ ಮಕ್ಕಳು, ಗೃಹಿಣಿಯರು, ಯಾರು ಬೇಕಾದರೂ ತಮ್ಮ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ವಾರವಾರವೂ ಚಿಗುರು, ಹೂ, ಕಾಯಿ ಗುರುತು ಹಾಕುತ್ತಾರೆ. ನಮ್ಮ ಬೀದಿಯ ಒಬ್ಬರಾದರೂ ಅದನ್ನು ಮಾಡಿದ್ದರೆ ‘ಒಣಗಿದೆ’ ಎಂಬ ಪಟ್ಟಿಗೆ ಉತ್ತರ ಕೊಡಲು ನಮ್ಮ ಕೈಯಲ್ಲಿ ಏನಾದರೂ ಇರುತ್ತಿತ್ತು. ನನ್ನ ಹತ್ತಿರ 38 ಸಾವಿರ ಸಾಕ್ಷಿಗಳಿದ್ದವು, ಒಂದೂ ಬಾಯಿ ಬಿಡುವಂತಿರಲಿಲ್ಲ.

ಪರಿಚಿತ ಜಾಗದಲ್ಲಿ ನೋಡುವುದಕ್ಕೆ ಏನಿದೆ ಎಂಬ ಪ್ರಶ್ನೆ ಉಳಿಯಿತು. ಆ ಘಟನೆಯಾದ ಮೇಲೆ ನಾನು ಹೊರಗೆ ಅಲೆಯುವುದನ್ನು ನಿಲ್ಲಿಸಿ ನಮ್ಮ ಕಾಂಪೌಂಡಿನ ಮಾವಿನಮರದ ಹತ್ತಿರ ಕೂರತೊಡಗಿದೆ. ಅದರ ಮೇಲೆ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳಿವೆ. ಎಂಟು ವರ್ಷದಲ್ಲಿ ನೂರಾರು ಸಲ ಅವುಗಳ ಫೋಟೋ ತೆಗೆದಿದ್ದೆ. ಸುಮ್ಮನೆ ನೋಡುತ್ತ ಕೂತು ಮೂರನೆಯ ವಾರದಲ್ಲಿ ಒಂದು ಇರುವೆಯ ನಡಿಗೆ ಬೇರೆ ಎನ್ನಿಸಿತು. ಅದು ಸಾಲಿನಲ್ಲಿ ಸೇರುತ್ತಿರಲಿಲ್ಲ; ಬೇರೆ ಇರುವೆ ಎದುರಾದರೆ ಪಕ್ಕಕ್ಕೆ ಸರಿಯುತ್ತಿತ್ತು. ಬೆರಳು ಹತ್ತಿರ ತಂದಾಗ ನೂಲು ಬಿಟ್ಟು ಕೆಳಗೆ ಇಳಿಯಿತು. ಅದು ಇರುವೆಯೇ ಅಲ್ಲ, ಜೇಡ. ಎಂಟು ಕಾಲಿನಲ್ಲಿ ಮುಂದಿನ ಎರಡನ್ನು ಮೀಸೆಯಂತೆ ಮೇಲೆತ್ತಿ ಆರು ಕಾಲಿನ ಇರುವೆಯ ವೇಷ ಹಾಕುತ್ತದೆ. ಕಚ್ಚುವ ಚಗಳಿಯ ಹತ್ತಿರ ಬರಲು ಹೆದರುವ ಶತ್ರುಗಳು ಇದನ್ನೂ ಬಿಟ್ಟುಬಿಡುತ್ತವೆ. ಹಳೆಯ ಫೋಟೋಗಳನ್ನು ತೆರೆದು ನೋಡಿದೆ. ಐದು ವರ್ಷದ ಹಿಂದಿನ ಒಂದರಲ್ಲಿ ಅದೇ ಜೇಡ ಇತ್ತು, ಕಡತಕ್ಕೆ ನಾನು ಕೊಟ್ಟ ಹೆಸರು ‘ಇರುವೆ 14’. ಕ್ಯಾಮೆರಾ ಕಂಡಿತ್ತು, ನಾನು ಕಂಡಿರಲಿಲ್ಲ.

ಆದ್ದರಿಂದ ಹೊಸದಾಗಿ ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಕಡಿಮೆ. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ಸಾಕು. ಮನೆಯಿಂದ ನಡೆದು ತಲುಪಬಹುದಾದ ಒಂದು ಜಾಗ ಆರಿಸಿಕೊಳ್ಳಿ: ಒಂದು ಮರ, ಒಂದು ಕಟ್ಟೆ, ಒಂದು ಚರಂಡಿಯಂಚು. ತಿಂಗಳಿಗೊಮ್ಮೆ ಅದೇ ಕಡೆ ನಿಂತು ಅದೇ ನೋಟ ತೆಗೆಯಿರಿ. ಪ್ರತಿ ಕ್ಲೋಸ್ ಅಪ್ ಆದ ಮೇಲೆ ಹತ್ತು ಹೆಜ್ಜೆ ಹಿಂದೆ ಬಂದು ಎಲ್ಲವೂ ಕಾಣುವಂತೆ ಇನ್ನೊಂದು ತೆಗೆಯಿರಿ, ವಿದ್ಯುತ್ ಕಂಬ, ತಂತಿ, ಕಸದ ಡಬ್ಬಿ ಸಮೇತ. ಜೀವಿಯನ್ನು ಮುಟ್ಟಬೇಡಿ, ತಿರುಗಿಸಬೇಡಿ. ಅದು ಹೊರಟರೆ ಹೋಗಲಿ, ಗೂಡು ಕಂಡರೆ ನೀವೇ ಹೊರಡಿ. ಮನುಷ್ಯರಾದರೆ ಕೇಳಿ, ಹೆಸರು ಬರೆದುಕೊಳ್ಳಿ, ಒಂದು ಪ್ರಿಂಟ್ ಹಾಕಿಸಿ ಕೊಡಿ. ದಿನಾಂಕ ಮತ್ತು ಜಾಗ ಬರೆಯದ ಫೋಟೋವನ್ನು ಅರ್ಧ ಮುಗಿದ ಕೆಲಸ ಎಂದು ತಿಳಿಯಿರಿ. ಕ್ಲಬ್ಬಿನವರಿಗೂ ಒಂದು ಬೇಡಿಕೆ: ವರ್ಷಕ್ಕೊಂದು ಸ್ಪರ್ಧೆಯನ್ನಾದರೂ ಸ್ವಂತ ಬೀದಿಯ ಚಿತ್ರಗಳಿಗೆ ಇಡಿ, ಹಿನ್ನೆಲೆ ಮಸುಕಾದರೆ ಅಂಕ ಕಳೆಯಿರಿ.

ಮರಗಳ ಕಥೆ ಮುಗಿಸುತ್ತೇನೆ. ನನ್ನ ಹಾರ್ಡ್ ಡಿಸ್ಕಿನಿಂದ ಏನೂ ಸಿಗದಿದ್ದಾಗ ತಿರುವಿನಲ್ಲಿರುವ ಸೈಕಲ್ ಶಾಪಿನವರು ತಮ್ಮ ಮೊಬೈಲಿನಲ್ಲಿ ಒಂದು ಫೋಟೋ ಹುಡುಕಿ ಕೊಟ್ಟರು. ಅವರ ಮಗಳು ಮೊದಲ ಸಲ ಬ್ಯಾಲೆನ್ಸ್ ಮಾಡಿ ಸೈಕಲ್ ಬಿಟ್ಟ ದಿನ ತೆಗೆದದ್ದು. ಚಿತ್ರ ಸ್ವಲ್ಪ ಓರೆ, ಹುಡುಗಿಯ ಕಾಲು ಕತ್ತರಿಸಿಹೋಗಿದೆ, ಮೂಲೆಯಲ್ಲಿ ಅವರದೇ ಬೆರಳು. ನಮ್ಮ ಯಾವ ಸ್ಪರ್ಧೆಯಲ್ಲೂ ಮೊದಲ ಸುತ್ತು ದಾಟದು. ಆದರೆ ಹಿಂದೆ ಬೀದಿಯ ಆ ತುದಿಯ ತನಕ ಹೊಂಗೆಗಳು ತುಂಬು ಹಸಿರಾಗಿ ನಿಂತಿವೆ, ಎಣಿಸಬಹುದು. ಮೊಬೈಲಿನಲ್ಲಿ ತಾರೀಕೂ ಇತ್ತು. ಮೇಷ್ಟ್ರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆಕ್ಷೇಪಣೆಗೆ ಲಗತ್ತಿಸಿದರು. 62ರಲ್ಲಿ 53 ಮರ ಹೋದವು. ತಿರುವಿನ ಒಂಬತ್ತು ಉಳಿದವು. ಫೋಟೋದಿಂದಲೇ ಉಳಿದವು ಎಂದು ನಾನು ಹೇಳಲಾರೆ. ರಸ್ತೆಯ ನಕ್ಷೆ ಅಲ್ಲಿ ಸ್ವಲ್ಪ ಬದಲಾಯಿತು, ಕಾರಣ ನಮಗೆ ಯಾರೂ ತಿಳಿಸಲಿಲ್ಲ.

‘ಮುಂಜಾವಿನ ಪ್ರಾರ್ಥನೆ’ಯನ್ನು ಗೋಡೆಯಿಂದ ಇಳಿಸಿದೆ. ಆ ಜಾಗದಲ್ಲಿ ಸೈಕಲ್ ಹುಡುಗಿಯ ಫೋಟೋದ ಒಂದು ಪ್ರತಿ ಇದೆ, ಅವರನ್ನು ಕೇಳಿಯೇ ಹಾಕಿಸಿಕೊಂಡದ್ದು. ತಿಂಗಳ ಮೊದಲ ಭಾನುವಾರ ಸೈಕಲ್ ಶಾಪಿನ ಮೆಟ್ಟಿಲ ಮೇಲೆ ನಿಂತು ಆ ಒಂಬತ್ತು ಮರಗಳ ಚಿತ್ರ ತೆಗೆಯುತ್ತೇನೆ. ಈ ಸಲ ಏಳನೆಯ ಹೊಂಗೆಯ ಬುಡಕ್ಕೆ ಯಾರೋ ಕಾಂಕ್ರೀಟ್ ಸುರಿದಿದ್ದಾರೆ. ಅದೂ ಬಂದಿದೆ, ತಾರೀಕು ಸಮೇತ.